ಕಿಮೋ ನಡೆಯುವಾಗ ಅಣಬೆ ಕ್ಯಾಪ್ಸೂಲ್ ಕೊಡಬಹುದಾ? ಅನುಭವ ಇದ್ದವರು ಹೇಳಿ

ದಾವಣಗೆರೆಯಿಂದ, ಪ್ರಶ್ನೆ ಕೇಳಿದವರು:

ಎಲ್ಲರಿಗೂ ನಮಸ್ಕಾರ. ನಮ್ಮ ಅಮ್ಮನಿಗೆ 61 ವರ್ಷ. ಸ್ತನ ಕ್ಯಾನ್ಸರ್ ಆಪರೇಷನ್ ಆಗಿದೆ, ಈಗ ಕಿಮೋ ನಡೆಯುತ್ತಿದೆ. ಹೋದ ಸಲ ಬಿಳಿ ರಕ್ತಕಣ ತುಂಬಾ ಇಳಿದಿತ್ತು ಅಂತ ಕಿಮೋ ಮುಂದಕ್ಕೆ ಹಾಕಿದರು. ಆಗಿನಿಂದ ಮನೆಗೆ ಬಂದವರೆಲ್ಲ ಇಮ್ಯುನಿಟಿ ಬಗ್ಗೆಯೇ ಮಾತು. ಅತ್ತಿಗೆಯ ಪರಿಚಯದವರೊಬ್ಬರು ಗ್ಯಾನೋಡರ್ಮಾ ಎಂಬ ಅಣಬೆಯ ಕ್ಯಾಪ್ಸೂಲ್, ಅದರದ್ದೇ ಕಾಫಿ ಪುಡಿ ಎರಡನ್ನೂ ತಂದುಕೊಟ್ಟಿದ್ದಾರೆ. ಅಮೆರಿಕದಲ್ಲಿರುವ ತಮ್ಮ ‘ಅದು ಬೇಡ, ಟರ್ಕಿ ಟೇಲ್ ಅಣಬೆ ಕಳಿಸುತ್ತೇನೆ’ ಎನ್ನುತ್ತಿದ್ದಾನೆ. ಅಮ್ಮ ಬಿಪಿ ಮಾತ್ರೆ ಮತ್ತು ಆಸ್ಪಿರಿನ್ ತೆಗೆದುಕೊಳ್ಳುತ್ತಾರೆ. ಡಾಕ್ಟರನ್ನು ಕೇಳಿದರೆ ಬೈತಾರೆ ಅಂತ ಅವರಿಗೆ ಹೆದರಿಕೆ. ಯಾರಾದರೂ ಕೊಟ್ಟಿದ್ದೀರಾ? ಒಳ್ಳೆಯದು, ಕೆಟ್ಟದ್ದು ಅಂತ ಸುಮ್ನೆ ಹೇಳದೆ ಕಾರಣವನ್ನೂ ಹೇಳಿದರೆ ಉಪಕಾರ ಆಗುತ್ತದೆ.

ಮೈಸೂರಿನಿಂದ ಒಬ್ಬರು:

ನಮ್ಮ ಯಜಮಾನರಿಗೆ ಕರುಳಿನ ಕ್ಯಾನ್ಸರ್ ಆಗಿತ್ತು. ಕಿಮೋ ನಡುವೆ ನೆಂಟರೊಬ್ಬರು ಇದೇ ಗ್ಯಾನೋಡರ್ಮಾ ಕ್ಯಾಪ್ಸೂಲ್ ಕೊಟ್ಟರು. ಮೊದಲಿಗೆ ಏನೂ ತೊಂದರೆ ಕಾಣಲಿಲ್ಲ. ಊಟ ಸ್ವಲ್ಪ ಸೇರುತ್ತಿದೆ ಅಂತಲೂ ಅನಿಸಿತು. ಮುಂದಿನ ರಕ್ತ ಪರೀಕ್ಷೆಯಲ್ಲಿ ಲಿವರ್ ಸ್ಥಿತಿ ತೋರಿಸುವ ಎಸ್‌ಜಿಪಿಟಿ ಜಾಸ್ತಿ ಬಂತು. ಡಾಕ್ಟರ್ ಮೊದಲು ಕೇಳಿದ್ದೇ ‘ನಾವು ಬರೆದಿದ್ದು ಬಿಟ್ಟು ಬೇರೆ ಏನು ತಗೊಳ್ತಿದ್ದೀರಿ?’ ಎಂದು. ಹೇಳಿದೆವು. ಬೈಯಲಿಲ್ಲ. ಕ್ಯಾಪ್ಸೂಲ್ ನಿಲ್ಲಿಸಿ ಅಂದರು, ಕಿಮೋ ಡೋಸನ್ನೂ ಆ ಸಲ ತಡೆಹಿಡಿದರು. ಆಮೇಲೆ ಎಸ್‌ಜಿಪಿಟಿ ಇಳಿಯಿತು.

ಲಿವರ್ ಮೇಲೆ ಹೊರೆ ಹಾಕಿದ್ದು ಕ್ಯಾಪ್ಸೂಲೋ ಕಿಮೋ ಔಷಧಿಯೋ, ಇವತ್ತಿಗೂ ಯಾರಿಗೂ ಗೊತ್ತಿಲ್ಲ. ತೊಂದರೆ ಇರುವುದು ಅಲ್ಲೇ. ಕಿಮೋ ಔಷಧಿಗಳೇ ಲಿವರಿಗೆ ಭಾರ. ಜೊತೆಗೆ ಇನ್ನೊಂದು ಸೇರಿಸಿದರೆ, ರಿಪೋರ್ಟ್ ಕೆಟ್ಟಾಗ ಯಾವುದನ್ನು ನಿಲ್ಲಿಸಬೇಕು ಅಂತ ಡಾಕ್ಟರಿಗೂ ತಿಳಿಯುವುದಿಲ್ಲ. ಆಗ ಅವರು ಕಿಮೋವನ್ನೇ ತಡೆಯಬೇಕಾಗುತ್ತದೆ. ಇಮ್ಯುನಿಟಿಗೆ ಅಂತ ಕೊಟ್ಟದ್ದರಿಂದ ನಿಜವಾದ ಚಿಕಿತ್ಸೆ ತಡವಾಗುವುದು ಯಾರಿಗೆ ಬೇಕು ಹೇಳಿ.

ಡಾಕ್ಟರಿಗೆ ಹೇಳಲು ಹೆದರಬೇಡಿ. ಡಬ್ಬಿಯನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಇಡಿ. ಬಾಯಲ್ಲಿ ಹೇಳುವುದಕ್ಕಿಂತ ಅದು ಸುಲಭ.

ಬೆಂಗಳೂರಿನಿಂದ, ಇಮ್ಯುನಾಲಜಿ ಲ್ಯಾಬಿನಲ್ಲಿ ಕೆಲಸ ಮಾಡುವವರು:

ಕಾರಣ ಕೇಳಿದ್ದೀರಿ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ನಾನು ಡಾಕ್ಟರ್ ಅಲ್ಲ, ಚಿಕಿತ್ಸೆಯ ಮಾತು ಅವರದ್ದೇ.

ಅಣಬೆಯ ಜೀವಕೋಶದ ಗೋಡೆಯಲ್ಲಿ ಬೀಟಾ ಗ್ಲೂಕಾನ್ ಅನ್ನುವ ಪದಾರ್ಥ ಇದೆ. ಸಕ್ಕರೆಯ ಅಣುಗಳು ಒಂದಕ್ಕೊಂದು ಸೇರಿದ ಉದ್ದ ಸರಪಳಿ, ನಡುನಡುವೆ ಕವಲು. ನಮ್ಮ ದೇಹ ಇದನ್ನು ತಯಾರಿಸುವುದಿಲ್ಲ. ಇದನ್ನು ಕತ್ತರಿಸಿ ಜೀರ್ಣಿಸುವ ಕಿಣ್ವವೂ ನಮ್ಮಲ್ಲಿಲ್ಲ. ಹಾಗಾಗಿ ಇದು ಕಂಡರೆ ರೋಗನಿರೋಧಕ ಕಣಗಳಿಗೆ ‘ಯಾವುದೋ ಶಿಲೀಂಧ್ರ ಒಳಗೆ ಬಂದಿದೆ’ ಎಂಬ ಸುಳಿವು. ಮ್ಯಾಕ್ರೋಫೇಜ್, ಡೆಂಡ್ರಿಟಿಕ್ ಕಣ, ನ್ಯೂಟ್ರೋಫಿಲ್ ಎಂಬ ರೋಗನಿರೋಧಕ ಕಣಗಳ ಮೈಮೇಲೆ ಡೆಕ್ಟಿನ್-1 ಎಂಬ ಗ್ರಾಹಕ ಇದೆ. ಬೀಟಾ ಗ್ಲೂಕಾನನ್ನು ಹಿಡಿಯುವುದು ಅದೇ ಎಂದು 2001ರಲ್ಲಿ ಗಾರ್ಡನ್ ಬ್ರೌನ್ ಮತ್ತು ಸೈಮನ್ ಗಾರ್ಡನ್ ತೋರಿಸಿದರು. ಹಿಡಿದ ಕೂಡಲೇ ಕಣದೊಳಗೆ ಸಿಕ್, ಕಾರ್ಡ್-9 ಎಂಬ ಪ್ರೋಟೀನುಗಳ ಮೂಲಕ ಸಂದೇಶ ಹೋಗುತ್ತದೆ. ಟಿಎನ್ಎಫ್, ಇಂಟರ್‌ಲ್ಯೂಕಿನ್-6 ಮುಂತಾದ ಸಂದೇಶ ಪದಾರ್ಥಗಳು ಹೊರಬರುತ್ತವೆ. ಉರಿಯೂತ ಹುಟ್ಟಿಸುವ ಪದಾರ್ಥಗಳೂ ಇವೇ, ನೆನಪಿರಲಿ.

ಇಷ್ಟು ಗಟ್ಟಿ ವಿಜ್ಞಾನ. ಇಲ್ಲಿಂದ ‘ಹಾಗಾದರೆ ಕ್ಯಾಪ್ಸೂಲ್ ನುಂಗಿದರೆ ಇಮ್ಯುನಿಟಿ ಏರುತ್ತದೆ’ ಅನ್ನುವವರೆಗೆ ದೊಡ್ಡ ಹಾರಿಕೆ ಇದೆ. ಲ್ಯಾಬಿನ ಬಹಳಷ್ಟು ಪ್ರಯೋಗಗಳಲ್ಲಿ ಬೀಟಾ ಗ್ಲೂಕಾನನ್ನು ನೇರ ಕಣಗಳ ಮೇಲೆ ಹಾಕುತ್ತೇವೆ, ಇಲ್ಲವೇ ಇಲಿಗೆ ಚುಚ್ಚುತ್ತೇವೆ. ಬಾಯಿಂದ ತೆಗೆದುಕೊಂಡಾಗ ಅದು ರಕ್ತಕ್ಕೆ ಹೋಗುವುದು ತೀರಾ ಕಡಿಮೆ. 2014ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಆರೋಗ್ಯವಂತ ಗಂಡಸರಿಗೆ ದಿನಕ್ಕೆ 1000 ಮಿಲಿಗ್ರಾಂ ಬೀಟಾ ಗ್ಲೂಕಾನನ್ನು ಒಂದು ವಾರ ಕೊಟ್ಟು ನೋಡಿದರು. ಯೀಸ್ಟಿನಿಂದ ತೆಗೆದದ್ದು, ಅಣಬೆಯದ್ದಲ್ಲ. ರಕ್ತದಲ್ಲಿ ಅದು ಸಿಗಲಿಲ್ಲ, ಬಿಳಿ ಕಣಗಳ ವರ್ತನೆಯೂ ಬದಲಾಗಲಿಲ್ಲ. 15 ಜನರ ಪುಟ್ಟ ಪ್ರಯೋಗ, ಅದೊಂದರಿಂದ ಎಲ್ಲ ತೀರ್ಮಾನ ಆಗುವುದಿಲ್ಲ. ಕರುಳಿನ ಗೋಡೆಯಲ್ಲೂ ರೋಗನಿರೋಧಕ ಕಣಗಳು ಬೇಕಾದಷ್ಟಿವೆ. ಅಣಬೆ ಏನಾದರೂ ಕೆಲಸ ಮಾಡಿದರೆ ಅದು ಬಹುಶಃ ಅಲ್ಲಿಂದ ಶುರು, ಇಲ್ಲವೇ ಕರುಳಿನ ಬ್ಯಾಕ್ಟೀರಿಯಾಗಳ ಮೂಲಕ.

ಈಗ ನಿಮ್ಮ ಅಮ್ಮನ ವಿಷಯ. ಅವರಿಗೆ ಇಳಿದಿರುವುದು ಸೋಂಕಿನ ವಿರುದ್ಧ ಮೊದಲು ಹೋರಾಡುವ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳ ಎಣಿಕೆ. ಕಿಮೋ ಔಷಧಿ ಮೂಳೆ ಮಜ್ಜೆಯಲ್ಲಿ ಆ ಕಣಗಳ ಉತ್ಪಾದನೆಯನ್ನೇ ಕೆಲವು ದಿನ ತಗ್ಗಿಸುತ್ತದೆ. ಬೀಟಾ ಗ್ಲೂಕಾನ್ ಮಾಡುವುದು ಇರುವ ಕಣಗಳನ್ನು ಎಚ್ಚರಿಸುವ ಕೆಲಸ. ಪೊಲೀಸರೇ ಇಲ್ಲದ ಠಾಣೆಗೆ ಫೋನ್ ಮಾಡಿದ ಹಾಗೆ. ಎಣಿಕೆ ಏರಿಸಲು ಆಸ್ಪತ್ರೆಯಲ್ಲಿ ಜಿ-ಸಿಎಸ್ಎಫ್ ಎಂಬ ಇಂಜೆಕ್ಷನ್ ಇದೆ, ಫಿಲ್‌ಗ್ರಾಸ್ಟಿಮ್ ಅಂತ ಬರೆದಿರುತ್ತಾರೆ. ಅದು ಮಜ್ಜೆಗೇ ಹೋಗಿ ಕೆಲಸ ಮಾಡುತ್ತದೆ. ಮುಂದಿನ ಸಲ ಎಣಿಕೆ ಇಳಿದರೆ ಅದು ಬೇಕಾ ಅಂತ ಡಾಕ್ಟರನ್ನು ಕೇಳಿ. ಅಣಬೆ ಬಗ್ಗೆ ಕೇಳುವುದಕ್ಕಿಂತ ಮುಖ್ಯವಾದ ಪ್ರಶ್ನೆ ಅದು.

ಹುಬ್ಬಳ್ಳಿಯಿಂದ, ಕಿಡ್ನಿ ಕಸಿ ಆದವರು:

ಮೇಲಿನವರು ಹೇಳಿದ್ದಕ್ಕೆ ನನ್ನದೊಂದು ಮಾತು ಸೇರಿಸುತ್ತೇನೆ. ನನಗೆ ಕಿಡ್ನಿ ಕಸಿ ಆಗಿದೆ, ಇಮ್ಯುನಿಟಿ ತಗ್ಗಿಸುವ ಟ್ಯಾಕ್ರೋಲಿಮಸ್ ಮತ್ತು ಮೈಕೋಫಿನೋಲೇಟ್ ಮಾತ್ರೆ ಜೀವನಪೂರ್ತಿ ನುಂಗಬೇಕು. ನನ್ನ ಇಮ್ಯುನಿಟಿ ಏರಬಾರದು. ಏರಿದರೆ ಅದು ಹೊಸ ಕಿಡ್ನಿಯ ಮೇಲೇ ಬೀಳುತ್ತದೆ. ಆದರೂ ಮದುವೆ ಮನೆಯಲ್ಲಿ ಸಿಕ್ಕಿದವರು ‘ಇಮ್ಯುನಿಟಿ ಬೂಸ್ಟರ್ ತಗೋರಿ ಸರ’ ಅಂತ ಡಬ್ಬಿ ತೋರಿಸುತ್ತಾರೆ. ಕಸಿ ಆದವರು, ಇಮ್ಯುನಿಟಿ ಸ್ವಂತ ದೇಹದ ಮೇಲೇ ಬೀಳುವ ಸಂಧಿವಾತ, ಲೂಪಸ್, ಸೋರಿಯಾಸಿಸ್ ಇರುವವರು ಇಂಥ ಅಣಬೆ ಸಾರದಿಂದ ದೂರ ಇರಬೇಕು ಅಂತ ನಮ್ಮ ನೆಫ್ರಾಲಜಿ ಡಾಕ್ಟರ್ ಮೊದಲ ದಿನವೇ ಪಟ್ಟಿ ಕೊಟ್ಟಿದ್ದರು.

ತಮಾಷೆ ಏನೆಂದರೆ, ನಾನು ನುಂಗುವ ಮೈಕೋಫಿನೋಲೇಟ್ ಕೂಡ ಶಿಲೀಂಧ್ರದಿಂದಲೇ ಬಂದದ್ದು, ಪೆನಿಸಿಲಿಯಮ್ ಜಾತಿಯದ್ದು. ಮೊದಲು ಕಸಿ ಆದವರಿಗೆ ಕೊಡುತ್ತಿದ್ದ ಸೈಕ್ಲೋಸ್ಪೋರಿನ್ ಸಹ ಹಾಗೆಯೇ. ನಾರ್ವೆ ದೇಶದ ಮಣ್ಣಿನಲ್ಲಿ ಸಿಕ್ಕ ಶಿಲೀಂಧ್ರದಲ್ಲಿ ಅದು ಇತ್ತು. ಅಂದರೆ ಇಮ್ಯುನಿಟಿಯನ್ನು ಮಲಗಿಸುವ ಔಷಧಿಯೂ ಶಿಲೀಂಧ್ರದಲ್ಲೇ ಇದೆ. ‘ಅಣಬೆ ಅಂದರೆ ಇಮ್ಯುನಿಟಿ ಏರಿಕೆ’ ಅನ್ನುವವರಿಗೆ ಇದನ್ನು ಹೇಳಿದರೆ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ!

ಬೆಂಗಳೂರಿನ ಲ್ಯಾಬಿನವರು:

ಸರ್, ಸರಿಯಾಗಿ ಹೇಳಿದಿರಿ. ಇಮ್ಯುನಿಟಿ ನರಗಳ ಮೇಲೇ ಬೀಳುವ ಕಾಯಿಲೆಯಾದ ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಕೊಡುವ ಫಿಂಗೋಲಿಮಾಡ್ ಮಾತ್ರೆಯ ಮೂಲವೂ ಕೀಟಗಳ ಮೇಲೆ ಬೆಳೆಯುವ ಶಿಲೀಂಧ್ರವೇ. ಮಾರುಕಟ್ಟೆಯಲ್ಲಿ ಕಾರ್ಡಿಸೆಪ್ಸ್ ಅಂತ ಮಾರುತ್ತಾರಲ್ಲ, ಅದರ ಬಳಗ. ಆ ಮಾತ್ರೆ ಬಿಳಿ ಕಣಗಳನ್ನು ದುಗ್ಧ ಗ್ರಂಥಿಗಳಲ್ಲೇ ಹಿಡಿದಿಟ್ಟು ರಕ್ತಕ್ಕೆ ಬರದಂತೆ ತಡೆಯುತ್ತದೆ.

ಜಪಾನಿನ ನಗೋಯದಿಂದ ಒಬ್ಬ ಕನ್ನಡಿಗ:

ಟರ್ಕಿ ಟೇಲ್ ಹೆಸರು ಬಂದದ್ದಕ್ಕೆ ಬರೆಯುತ್ತಿದ್ದೇನೆ. ಇಲ್ಲಿ ಅದನ್ನು ಕವಾರತಾಕೆ ಎನ್ನುತ್ತಾರೆ. ಕೊಳೆತ ಮರದ ಮೇಲೆ ಹೆಂಚು ಜೋಡಿಸಿದಂತೆ ಬೆಳೆಯುವ ತೆಳ್ಳನೆಯ ಅಣಬೆ. ಇದರಿಂದ ತೆಗೆದ ಪಿಎಸ್‌ಕೆ ಎಂಬ ಸಾರ ಇಲ್ಲಿ ಆಸ್ಪತ್ರೆಯ ಔಷಧಿಯೇ ಆಗಿತ್ತು. ಕ್ರೆಸ್ಟಿನ್ ಎಂಬ ಹೆಸರಲ್ಲಿ 1977ರಲ್ಲಿ ಸರ್ಕಾರದ ಒಪ್ಪಿಗೆ ಸಿಕ್ಕಿತು. ಶಿಟಾಕೆ ಅಣಬೆಯ ಲೆಂಟಿನಾನ್ ಇನ್ನೊಂದು. ಅದನ್ನು ಟೋಕಿಯೋದ ಗೋರೋ ಚಿಹಾರ ಅವರ ತಂಡ 1969ರಲ್ಲಿ ಬೇರ್ಪಡಿಸಿ ತೋರಿಸಿತು. 1985ರಲ್ಲಿ ಹೊಟ್ಟೆಯ ಕ್ಯಾನ್ಸರಿಗೆ, ಕಿಮೋ ಜೊತೆಗೆ ಕೊಡುವ ಇಂಜೆಕ್ಷನ್ ಆಗಿ ಒಪ್ಪಿಗೆ ಪಡೆಯಿತು.

ನಾನಿರುವ ಊರಿನ ಸುತ್ತಲಿನ ಆಸ್ಪತ್ರೆಗಳಲ್ಲೇ ಪಿಎಸ್‌ಕೆ ಬಗ್ಗೆ ಒಂದು ದೊಡ್ಡ ಪರೀಕ್ಷೆ ನಡೆದಿತ್ತು. 1994ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹೊಟ್ಟೆಯ ಕ್ಯಾನ್ಸರಿಗೆ ಆಪರೇಷನ್ ಆದ 262 ಜನ. ಅರ್ಧ ಜನಕ್ಕೆ ಬರೀ ಕಿಮೋ, ಉಳಿದವರಿಗೆ ಕಿಮೋ ಜೊತೆ ಪಿಎಸ್‌ಕೆ. ಐದು ವರ್ಷ ಬದುಕಿದವರು ಮೊದಲ ಗುಂಪಿನಲ್ಲಿ ಶೇಕಡ 60, ಎರಡನೆಯದರಲ್ಲಿ ಶೇಕಡ 73. ಕಡಿಮೆ ಏನಲ್ಲ. ನಿಮ್ಮ ತಮ್ಮ ಓದಿರುವುದರ ಮೂಲ ಬಹುಶಃ ಇದೇ.

ಆದರೆ ಮೂರು ವಿಷಯ ಗಮನಿಸಿ. ಅದು ಹೊಟ್ಟೆಯ ಕ್ಯಾನ್ಸರ್, ನಿಮ್ಮ ಅಮ್ಮನದ್ದು ಸ್ತನದ್ದು. ಅದು ಒಂದೇ ತಳಿಯಿಂದ, ಒಂದೇ ರೀತಿ ತಯಾರಿಸಿ ಅಳೆದು ಕೊಟ್ಟ ಔಷಧಿ, ದಿನಕ್ಕೆ 3 ಗ್ರಾಂ. ಅಂಗಡಿಯ ಟರ್ಕಿ ಟೇಲ್ ಪುಡಿ ಅದಲ್ಲ. ಇನ್ನು ಅದು ಯಾವತ್ತೂ ಕಿಮೋ ಬದಲಿಗೆ ಅಲ್ಲ, ಕಿಮೋ ಜೊತೆಗೆ. ಒಂದು ಕಾಲದಲ್ಲಿ ಇಲ್ಲಿ ಕ್ರೆಸ್ಟಿನ್ ಭಾರಿ ಮಾರಾಟವಾಗುತ್ತಿತ್ತು. ಆಮೇಲೆ 1989ರಲ್ಲಿ ಸರ್ಕಾರ ಮತ್ತೆ ಪರಿಶೀಲಿಸಿ ಕಿಮೋ ಜೊತೆ ಮಾತ್ರ ಕೊಡಬೇಕು ಅಂತ ಮಿತಿ ಹಾಕಿತು. ಈಗ ಕ್ರೆಸ್ಟಿನ್, ಲೆಂಟಿನಾನ್ ಎರಡೂ ಇಲ್ಲಿ ಮಾರಾಟದಲ್ಲಿಲ್ಲ. ನಂತರ ಬಂದ ಔಷಧಿಗಳು ಅವುಗಳ ಜಾಗ ಹಿಡಿದವು. ‘ಜಪಾನಿನಲ್ಲಿ ಕ್ಯಾನ್ಸರಿಗೆ ಅಣಬೆಯನ್ನೇ ಕೊಡುತ್ತಾರೆ’ ಅಂತ ಯಾರಾದರೂ ಹೇಳಿದರೆ ಅದು ಹಳೆಯ ಸುದ್ದಿ.

ಸ್ತನ ಕ್ಯಾನ್ಸರಿನವರಲ್ಲಿ ಟರ್ಕಿ ಟೇಲ್ ಪುಡಿಯ ಸಣ್ಣ ಪರೀಕ್ಷೆ ಅಮೆರಿಕದಲ್ಲಿ ಆಗಿದೆ, 2012ರಲ್ಲಿ ಪ್ರಕಟವಾಯಿತು. ಇದ್ದವರು 11 ಜನ. ಎಷ್ಟು ಡೋಸ್ ತಡೆದುಕೊಳ್ಳುತ್ತಾರೆ ಅಂತ ನೋಡುವುದೇ ಅದರ ಉದ್ದೇಶ. ದಿನಕ್ಕೆ 9 ಗ್ರಾಂವರೆಗೂ ತಡೆದುಕೊಂಡರು. ಅದರಿಂದ ಆಯಸ್ಸು ಹೆಚ್ಚಾಯಿತಾ ಅನ್ನುವ ಪ್ರಶ್ನೆಗೆ ಅಷ್ಟು ಜನರಿಂದ ಉತ್ತರ ಸಿಗುವುದಿಲ್ಲ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದ. ಇಷ್ಟು ವಿವರ ಬರುತ್ತದೆ ಅಂದುಕೊಂಡಿರಲಿಲ್ಲ. ಪಿಎಸ್‌ಕೆ ವಿಷಯ ತಮ್ಮನಿಗೆ ಕಳಿಸಿದೆ. ಗ್ಯಾನೋಡರ್ಮಾ ಬಗ್ಗೆಯೂ ಇಂಥ ಪರೀಕ್ಷೆ ಆಗಿದೆಯಾ? ಡಬ್ಬಿ ತಂದುಕೊಟ್ಟವರು ‘ಸಾವಿರಾರು ವರ್ಷದಿಂದ ಚೀನಾದಲ್ಲಿ ರಾಜರು ತಿಂದದ್ದು’ ಅಂತಲೇ ಹೇಳುತ್ತಾರೆ.

ಮಂಗಳೂರಿನಿಂದ, ಔಷಧಿ ಅಂಗಡಿ ನಡೆಸುವವರು:

ಆಗಿದೆ. ಇಂಥ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಎಂಬ ಸಂಸ್ಥೆ ಇದೆ. ಅವರು 2012ರಲ್ಲಿ ಗ್ಯಾನೋಡರ್ಮಾ ಬಗ್ಗೆ ಬರೆದರು, 2016ರಲ್ಲಿ ಮತ್ತೆ ನೋಡಿದರು. ಸಿಕ್ಕಿದ್ದು ಐದು ಪರೀಕ್ಷೆ, ಒಟ್ಟು 373 ಜನ. ಕಿಮೋ ಅಥವಾ ರೇಡಿಯೇಷನ್ ಜೊತೆ ಗ್ಯಾನೋಡರ್ಮಾ ತೆಗೆದುಕೊಂಡವರಲ್ಲಿ ಚಿಕಿತ್ಸೆಗೆ ಸ್ಪಂದಿಸಿದವರು ಸ್ವಲ್ಪ ಜಾಸ್ತಿ ಇದ್ದರು. ಟಿ ಕಣ ಎಂಬ ಬಿಳಿ ರಕ್ತಕಣಗಳಲ್ಲಿ ಕೆಲವು ಬಗೆಯವೂ ಏರಿದ್ದವು. ಅದನ್ನೊಂದನ್ನೇ ಕೊಟ್ಟರೆ ಗಡ್ಡೆ ಕುಗ್ಗಲಿಲ್ಲ. ಜಾಸ್ತಿ ದಿನ ಬದುಕಿದರಾ ಎಂಬುದಕ್ಕೆ ಉತ್ತರ ಇರಲಿಲ್ಲ. ಪರೀಕ್ಷೆಗಳ ಗುಣಮಟ್ಟವೂ ಅಷ್ಟಕ್ಕಷ್ಟೇ ಅಂತ ಅವರೇ ಬರೆದಿದ್ದಾರೆ. ಹಾಗಾಗಿ ‘ಪೂರ್ತಿ ಬುರುಡೆ’ ಅಂತ ನಾನು ಹೇಳುವುದಿಲ್ಲ. ‘ಗೊತ್ತಾಗಿದೆ, ಕೊಡಿ’ ಅಂತ ಹೇಳುವಷ್ಟು ಬಲವೂ ಅದಕ್ಕಿಲ್ಲ.

ನನಗೆ ಜಾಸ್ತಿ ಚಿಂತೆ ಇರುವುದು ನಿಮ್ಮ ಅಮ್ಮನ ಆಸ್ಪಿರಿನ್ ಬಗ್ಗೆ. ಗ್ಯಾನೋಡರ್ಮಾಗೆ ರಕ್ತದ ಪ್ಲೇಟ್‌ಲೆಟ್‌ಗಳು ಅಂಟಿಕೊಳ್ಳುವುದನ್ನು ತಗ್ಗಿಸುವ ಗುಣ ಇರಬಹುದು. ಆಸ್ಪಿರಿನ್ ಮಾಡುವುದೂ ಅದನ್ನೇ. ಕಿಮೋದಿಂದ ಪ್ಲೇಟ್‌ಲೆಟ್ ಎಣಿಕೆಯೂ ಇಳಿಯುತ್ತದೆ. ಮೂರೂ ಒಟ್ಟಾದರೆ ರಕ್ತಸ್ರಾವದ ಭಯ. ಹಲ್ಲು ಕೀಳಿಸುವುದು, ಇನ್ನೊಂದು ಆಪರೇಷನ್ ಏನಾದರೂ ಇದ್ದರೆ ಇನ್ನೂ ಎಚ್ಚರಿಕೆ ಬೇಕು. ಬಿಪಿ ಕೂಡ ಸ್ವಲ್ಪ ಇಳಿಯಬಹುದು ಎನ್ನುತ್ತಾರೆ. ಮೈಸೂರಿನ ಮೇಡಂ ಹೇಳಿದ ಲಿವರ್ ವಿಷಯವೂ ಉತ್ಪ್ರೇಕ್ಷೆ ಅಲ್ಲ. ಗ್ಯಾನೋಡರ್ಮಾ ಪುಡಿ ತೆಗೆದುಕೊಂಡ ನಂತರ ಲಿವರ್ ಕೆಟ್ಟು ತೀರಿಕೊಂಡವರ ವರದಿ ಥಾಯ್ಲೆಂಡಿನಿಂದ ಬಂದಿದೆ. ಅಪರೂಪ ನಿಜ, ಆದರೆ ಇದೆ.

ಚಾಗಾ ಅಂತ ಇನ್ನೊಂದು ಈಗ ಆನ್‌ಲೈನಿನಲ್ಲಿ ಓಡುತ್ತಿದೆ. ಅದನ್ನಂತೂ ತರಿಸಬೇಡಿ. ಅದರಲ್ಲಿ ಕಿಡ್ನಿಯಲ್ಲಿ ಹರಳುಗಟ್ಟುವ ಆಕ್ಸಲೇಟ್ ಜಾಸ್ತಿ. ಜಪಾನಿನಲ್ಲಿ ಲಿವರ್ ಕ್ಯಾನ್ಸರ್ ಇದ್ದ 72 ವರ್ಷದ ಹೆಂಗಸೊಬ್ಬರು ಆರು ತಿಂಗಳು ದಿನಾ ನಾಲ್ಕೈದು ಚಮಚ ಚಾಗಾ ಪುಡಿ ತಿಂದು ಕಿಡ್ನಿ ಹಾಳುಮಾಡಿಕೊಂಡದ್ದು 2014ರಲ್ಲಿ ವರದಿಯಾಗಿದೆ.

ಡಬ್ಬಿ ಮೇಲೆ ಎಫ್ಎಸ್ಎಸ್ಎಐ ನಂಬರ್ ಇದೆ, ಸರ್ಕಾರವೇ ಒಪ್ಪಿದೆ ಅಂತ ತೋರಿಸಿರುತ್ತಾರೆ ಅಲ್ವಾ? ಅದು ಆಹಾರ ಪದಾರ್ಥ ತಯಾರಿಸುವ ಲೈಸೆನ್ಸ್. ಬಿಸ್ಕತ್ತಿಗೂ ಇರುತ್ತದೆ. ಇಂಥ ಪೂರಕಗಳ ಮೇಲೆ ‘ಔಷಧಿಯಾಗಿ ಬಳಸಲು ಅಲ್ಲ’ ಅಂತ ಬರೆಯಲೇಬೇಕು ಎಂಬ ನಿಯಮ ಇದೆ. ಸಣ್ಣ ಅಕ್ಷರದಲ್ಲಿ ಹುಡುಕಿ, ಸಿಗುತ್ತದೆ. ಕ್ಯಾನ್ಸರ್ ಗುಣಪಡಿಸುತ್ತದೆ ಅಂತ ಜಾಹೀರಾತು ಕೊಡುವುದು 1954ರ ಕಾಯಿದೆ ಪ್ರಕಾರ ಅಪರಾಧ. ಅದಕ್ಕೇ ಇದನ್ನೆಲ್ಲ ಕಾಗದದ ಮೇಲೆ ಬರೆಯುವುದಿಲ್ಲ, ಮನೆಗೆ ಬಂದು ಬಾಯಲ್ಲಿ ಹೇಳುತ್ತಾರೆ.

ಶಿರಸಿ ಕಡೆಯ ಅಡಿಕೆ ಬೆಳೆಗಾರರು:

ರಾಜರ ಅಣಬೆ ಅಂದದ್ದಕ್ಕೆ ನಗು ಬಂತು. ಗ್ಯಾನೋಡರ್ಮಾ ನಮ್ಮ ತೋಟದಲ್ಲಿ ಬೇಡದ ನೆಂಟ. ಅಡಿಕೆ, ತೆಂಗಿನ ಬುಡಕ್ಕೆ ಬರುವ ಅಣಬೆ ರೋಗ ಅದರಿಂದಲೇ. ಸೋಗೆ ಹಳದಿಯಾಗಿ ಜೋತುಬೀಳುತ್ತದೆ, ಬುಡದಲ್ಲಿ ಕಂದು ರಸ ಒಸರುತ್ತದೆ, ಕೊನೆಗೆ ಮೆರುಗು ಹಚ್ಚಿದಂತಿರುವ ಕೆಂಪು ಕಂದು ಅಣಬೆ ಹೊರಗೆ ಬರುತ್ತದೆ. ಅಣಬೆ ಕಾಣುವ ಹೊತ್ತಿಗೆ ಮರ ಹೋದ ಲೆಕ್ಕ. ಬ್ರಿಟಿಷರ ಕಾಲದ ಸಸ್ಯರೋಗ ತಜ್ಞ ಬಟ್ಲರ್ 1906ರಲ್ಲೇ ಮೈಸೂರು ಸೀಮೆಯ ಈ ರೋಗದ ಬಗ್ಗೆ ಬರೆದಿದ್ದರು. ನಾವು ಬುಡ ಸಮೇತ ಕಿತ್ತು, ಸುತ್ತ ಕಂದಕ ತೆಗೆದು, ಪಕ್ಕದ ಮರಗಳಿಗೆ ಬೇವಿನ ಹಿಂಡಿ ಜೊತೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಹಾಕುತ್ತೇವೆ.

ಇದನ್ನು ಬರೆದದ್ದು ಯಾಕೆಂದರೆ, ಈಚೆಗೆ ಕೆಲವರು ‘ನಿಮ್ಮ ತೋಟದಲ್ಲಿ ಇದೆಯಂತೆ, ಒಣಗಿಸಿ ಕೊಡಿ, ಕಷಾಯ ಮಾಡುತ್ತೇವೆ’ ಅಂತ ಫೋನ್ ಮಾಡುತ್ತಾರೆ. ದಯವಿಟ್ಟು ಬೇಡ. ಗ್ಯಾನೋಡರ್ಮಾದಲ್ಲಿ ಹತ್ತಾರು ಜಾತಿ ಇದೆ. ನೋಡಿದರೆ ಎಲ್ಲವೂ ಒಂದೇ ಥರ. ಜೊತೆಗೆ ತೋಟಕ್ಕೆ ಹೊಡೆದ ಮೈಲುತುತ್ತ ಅದರ ಮೇಲೂ ಬಿದ್ದಿರುತ್ತದೆ.

ಬೆಂಗಳೂರಿನ ಲ್ಯಾಬಿನವರು:

ಸರಿ. ಚೀನಾದಲ್ಲಿ ಬೆಳೆಯುವ ಗ್ಯಾನೋಡರ್ಮಾ, ಅಂದರೆ ಲಿಂಗ್‌ಝಿಯನ್ನೇ ಬಹಳ ಕಾಲ ಗ್ಯಾನೋಡರ್ಮಾ ಲ್ಯೂಸಿಡಮ್ ಎಂದು ಕರೆದಿದ್ದರು. ಆ ಹೆಸರು ಯುರೋಪಿನ ಜಾತಿಯದ್ದು, ಚೀನಾದ್ದು ಬೇರೆ ಅಂತ ಗೊತ್ತಾಗಿ 2012ರಲ್ಲಿ ಹೊಸ ಹೆಸರು ಕೊಟ್ಟರು. ತಜ್ಞರಿಗೇ ಇಷ್ಟು ಗೊಂದಲ ಇದ್ದರೆ ಡಬ್ಬಿ ತುಂಬುವವರ ಕಥೆ ಕೇಳಬೇಕಾ? ಅಮೆರಿಕದಲ್ಲಿ 19 ಬಗೆಯ ಗ್ಯಾನೋಡರ್ಮಾ ಪೂರಕಗಳನ್ನು ಕೊಂಡು ಪರೀಕ್ಷೆ ಮಾಡಿದಾಗ ಚೀಟಿಯಲ್ಲಿ ಹೇಳಿದ್ದಕ್ಕೆ ಹೊಂದಿಕೆಯಾದದ್ದು 5 ಮಾತ್ರ. 2017ರಲ್ಲಿ ಪ್ರಕಟವಾಯಿತು.

ತುಮಕೂರಿನಿಂದ, ಅಣಬೆ ಬೆಳೆಯುವವರು:

ನಾನು ಚಿಪ್ಪಣಬೆ ಬೆಳೆಯುತ್ತೇನೆ, ಸ್ವಲ್ಪ ಶಿಟಾಕೆ ಕೂಡ. ಕ್ಯಾಪ್ಸೂಲ್ ವ್ಯಾಪಾರದ ಒಳಗುಟ್ಟು ಒಂದು ಹೇಳುತ್ತೇನೆ.

ಅಣಬೆ ಅಂದರೆ ನಮ್ಮ ಕಣ್ಣಿಗೆ ಕಾಣುವ ಕೊಡೆ. ಅದು ಬರುವ ಮೊದಲು ಬಿಳಿ ನೂಲಿನಂತೆ ಹರಡುತ್ತದಲ್ಲ, ಅದು ಮೈಸೀಲಿಯಂ. ಕೆಲವರು ಅಕ್ಕಿ, ಜೋಳ, ಓಟ್ಸ್ ಮೇಲೆ ಮೈಸೀಲಿಯಂ ಹಬ್ಬಿಸಿ, ಕೊಡೆ ಬರುವವರೆಗೂ ಕಾಯದೆ ಕಾಳಿನ ಸಮೇತ ಒಣಗಿಸಿ ಪುಡಿ ಮಾಡುತ್ತಾರೆ. ಖರ್ಚು ಕಡಿಮೆ, ಬೇಗ ಆಗುತ್ತದೆ. ಆದರೆ ಆ ಪುಡಿಯಲ್ಲಿ ಅರ್ಧಕ್ಕರ್ಧ ಕಾಳಿನ ಹಿಟ್ಟೇ ಇರಬಹುದು. ಡಬ್ಬಿ ಮೇಲೆ ‘ಪಾಲಿಸ್ಯಾಕರೈಡ್ ಶೇಕಡ ಇಷ್ಟು’ ಅಂತ ದೊಡ್ಡದಾಗಿ ಬರೆಯುತ್ತಾರೆ. ಪಿಷ್ಟವೂ ಪಾಲಿಸ್ಯಾಕರೈಡೇ! ಬೀಟಾ ಗ್ಲೂಕಾನ್ ಎಷ್ಟು ಎಂದು ಬೇರೆಯಾಗಿ ಬರೆದಿದ್ದರೆ, ಲ್ಯಾಬ್ ರಿಪೋರ್ಟ್ ಕೊಟ್ಟರೆ ಮಾತ್ರ ಆ ಅಂಕಿಗೆ ಬೆಲೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಒಂದು ಕ್ಯಾಪ್ಸೂಲ್ ಒಡೆದು ಪುಡಿಯನ್ನು ನೀರಲ್ಲಿ ಕುದಿಸಿ, ಆರಿಸಿ, ಒಂದೆರಡು ಹನಿ ಟಿಂಚರ್ ಅಯೋಡಿನ್ ಹಾಕಿ. ಗಾಯಕ್ಕೆ ಹಚ್ಚುವ ಬೆಟಾಡಿನ್ ಆದರೂ ಸರಿ. ಕಡುನೀಲಿ, ಕಪ್ಪು ಬಣ್ಣಕ್ಕೆ ತಿರುಗಿದರೆ ಪಿಷ್ಟ ತುಂಬಾ ಇದೆ. ತಿರುಗದಿದ್ದರೆ ಒಳ್ಳೆಯ ಮಾಲು ಅಂತ ಅರ್ಥವಲ್ಲ, ಪಿಷ್ಟ ಇಲ್ಲ ಅಂತ ಅಷ್ಟೇ.

ಇನ್ನು ಬರೀ ಒಣಪುಡಿ ನುಂಗಿದರೂ ಜಾಸ್ತಿ ಪ್ರಯೋಜನ ಇಲ್ಲ ಎನ್ನುತ್ತಾರೆ. ಅಣಬೆಯ ಕೋಶದ ಗೋಡೆಯಲ್ಲಿ ಕೈಟಿನ್ ಇದೆ, ಸೀಗಡಿ ಸಿಪ್ಪೆಯಲ್ಲಿರುವುದೇ. ಬಿಸಿ ನೀರಲ್ಲಿ ಕುದಿಸಿದರೆ ಬೀಟಾ ಗ್ಲೂಕಾನ್ ಒಂದಷ್ಟು ಬಿಡುತ್ತದೆ. ಗ್ಯಾನೋಡರ್ಮಾದ ಕಹಿಗೆ ಕಾರಣವಾದ ಟ್ರೈಟರ್ಪೀನ್‌ಗಳು ನೀರಿಗೆ ಅಷ್ಟು ಬಿಡುವುದಿಲ್ಲ, ಅದಕ್ಕೆ ಆಲ್ಕೋಹಾಲ್ ಬೇಕು. ‘ಗ್ಯಾನೋಡರ್ಮಾ ಕಾಫಿ’ ಕಹಿ ಇದ್ದರೆ ಅದು ಕಾಫಿಯದ್ದೇ ಕಹಿ ಇರಬಹುದು, ಹಹ್ಹ.

ಧಾರವಾಡದಿಂದ, ಇಬ್ಬರು ಮಕ್ಕಳ ತಾಯಿ:

ಪ್ರಶ್ನೆ ಸ್ವಲ್ಪ ಬೇರೆ. ನನ್ನ ಮಗನಿಗೆ ಮಳೆಗಾಲ ಪೂರ್ತಿ ನೆಗಡಿ, ಕೆಮ್ಮು. ಚಿಪ್ಪಣಬೆಯ ಸಿರಪ್ ಒಳ್ಳೆಯದು ಅಂತ ಓದಿದೆ. ನಿಜವೇ?

ಬೆಂಗಳೂರಿನ ಲ್ಯಾಬಿನವರು:

ಚಿಪ್ಪಣಬೆಯ ಬೀಟಾ ಗ್ಲೂಕಾನಿಗೆ ಪ್ಲೂರಾನ್ ಎಂಬ ಹೆಸರಿದೆ. ಪದೇಪದೇ ನೆಗಡಿ, ಕೆಮ್ಮು ಬರುವ 175 ಮಕ್ಕಳ ಮೇಲೆ ಸ್ಲೊವಾಕಿಯಾದ ವೈದ್ಯರು ಪರೀಕ್ಷೆ ಮಾಡಿ 2013ರಲ್ಲಿ ಪ್ರಕಟಿಸಿದರು. ಸಿರಪ್ ಕುಡಿದವರಲ್ಲಿ ಶೇಕಡ 36 ಮಕ್ಕಳಿಗೆ ಆ ಅವಧಿಯಲ್ಲಿ ಒಂದೂ ಸೋಂಕು ಬರಲಿಲ್ಲ. ಹುಸಿ ಸಿರಪ್ ಕುಡಿದವರಲ್ಲಿ ಇದು ಶೇಕಡ 21. ಅಣಬೆ ಬಗ್ಗೆ ಬರುವ ಸುದ್ದಿಗಳಲ್ಲಿ ನನಗೆ ತಕ್ಕಮಟ್ಟಿಗೆ ನಂಬಿಕೆ ಹುಟ್ಟಿಸಿದ್ದು ಇದು. ಆದರೂ ಸಿರಪ್ ಕುಡಿದವರಲ್ಲೂ ಹೆಚ್ಚಿನ ಮಕ್ಕಳಿಗೆ ಸೋಂಕು ಬಂದೇ ಬಂತು. ಮಕ್ಕಳ ಡಾಕ್ಟರನ್ನು ಕೇಳಿ. ಅಷ್ಟರೊಳಗೆ ಚಿಪ್ಪಣಬೆ ಪಲ್ಯ ಮಾಡಿ ಹಾಕಿ, ತಿನ್ನುತ್ತಾನಾದರೆ.

ಊಟವಾಗಿ ತಿಂದರೂ ಏನಾದರೂ ಆಗುತ್ತದಾ ಅಂತ ಕೇಳಬಹುದು. ಅಮೆರಿಕದ ಫ್ಲಾರಿಡಾದಲ್ಲಿ 52 ಆರೋಗ್ಯವಂತರಿಗೆ ನಾಲ್ಕು ವಾರ ದಿನಾ 5 ಅಥವಾ 10 ಗ್ರಾಂ ಒಣ ಶಿಟಾಕೆಯನ್ನು ಬೇಯಿಸಿ ತಿನ್ನಿಸಿದರು. ಕೆಲವು ಬಗೆಯ ಟಿ ಕಣಗಳು ಚುರುಕಾದವು, ಜೊಲ್ಲಿನಲ್ಲಿರುವ ಐಜಿಎ ಎಂಬ ಪ್ರತಿಕಾಯ ಏರಿತು, ಉರಿಯೂತ ತೋರಿಸುವ ಸಿಆರ್‌ಪಿ ಇಳಿಯಿತು. ಕಣ ಏರುವುದು ಬೇರೆ, ಕಾಯಿಲೆ ಕಡಿಮೆಯಾಗುವುದು ಬೇರೆ. ಎರಡನೆಯದನ್ನು ಅವರು ಅಳೆಯಲಿಲ್ಲ.

ತುಮಕೂರಿನ ಬೆಳೆಗಾರರು:

ಶಿಟಾಕೆ ಅಂದಿರಿ, ಒಂದು ಎಚ್ಚರಿಕೆ. ಹಸಿಯಾಗಿ, ಅರೆಬೆಂದದ್ದು ತಿನ್ನಬೇಡಿ. ಕೆಲವರಿಗೆ ಮೈಮೇಲೆ ಚಾಟಿಯಿಂದ ಹೊಡೆದಂಥ ಕೆಂಪು ಬರೆ ಏಳುತ್ತದೆ. ಅದಕ್ಕೆ ಕಾರಣ ಲೆಂಟಿನಾನೇ ಎನ್ನುತ್ತಾರೆ. ಚೆನ್ನಾಗಿ ಬೇಯಿಸಿದರೆ ತೊಂದರೆ ಇಲ್ಲ. ಯಾವ ಅಣಬೆಯಾದರೂ ಅಡುಗೆಗೆ ಮೊದಲು ಹೆಚ್ಚಿ ಮಧ್ಯಾಹ್ನದ ಬಿಸಿಲಿಗೆ ಸ್ವಲ್ಪ ಹೊತ್ತು ಇಡಿ. ಅದರಲ್ಲಿರುವ ಎರ್ಗೊಸ್ಟೆರಾಲ್ ವಿಟಮಿನ್ ಡಿ2 ಆಗಿ ಬದಲಾಗುತ್ತದೆ. ಖರ್ಚಿಲ್ಲದ ಲಾಭ.

ಮೈಸೂರಿನವರು:

ದಾವಣಗೆರೆಯವರಿಗೆ ಮತ್ತೊಂದು ಮಾತು. ಎಣಿಕೆ ಇಳಿದ ದಿನಗಳಲ್ಲಿ ಮನೆಯಲ್ಲಿ ಥರ್ಮಾಮೀಟರ್ ಕೈಗೆ ಸಿಗುವಂತೆ ಇಡಿ. 100.4 ಮುಟ್ಟಿದರೆ ರಾತ್ರಿ ಎಷ್ಟೇ ಹೊತ್ತಾಗಿರಲಿ ಆಸ್ಪತ್ರೆಗೆ ಹೊರಡಿ. ಪ್ಯಾರಾಸಿಟಮಾಲ್ ಕೊಟ್ಟು ಬೆಳಗಿನವರೆಗೆ ಕಾಯಬೇಡಿ, ನ್ಯೂಟ್ರೋಫಿಲ್ ಇಲ್ಲದಾಗ ಸೋಂಕು ಗಂಟೆಗಳಲ್ಲಿ ಏರುತ್ತದೆ. ನಮಗೆ ಕೊಟ್ಟ ಪಟ್ಟಿಯಲ್ಲಿ ಹಸಿ ತರಕಾರಿ, ತೊಳೆಯದ ಹಣ್ಣು, ಹೊರಗಿನ ಚಟ್ನಿ ಬೇಡ ಅಂತ ಇತ್ತು. ಬೇಯಿಸಿದ ಬಟನ್ ಅಣಬೆ, ಚಿಪ್ಪಣಬೆ ಬೇಡ ಅನ್ನಲಿಲ್ಲ. ಸಾರು ಮಾಡಿ ಕೊಟ್ಟೆ. ಬಾಯಿ ಹುಣ್ಣಾದಾಗ ಖಾರ ಹಾಕದೆ ಮೆಣಸು ಸ್ವಲ್ಪವೇ ಹಾಕಿದರೆ ಸೇರುತ್ತದೆ.

ಪ್ರಶ್ನೆ ಕೇಳಿದವರು:

ಇವತ್ತು ಡಬ್ಬಿಯನ್ನೇ ತೆಗೆದುಕೊಂಡು ಹೋಗಿದ್ದೆವು. ಡಾಕ್ಟರ್ ಚೀಟಿ ಪೂರ್ತಿ ಓದಿದರು. ಕಿಮೋ ಮುಗಿದು ಲಿವರ್ ರಿಪೋರ್ಟ್ ಸರಿ ಬರುವವರೆಗೆ ಗ್ಯಾನೋಡರ್ಮಾ, ಟರ್ಕಿ ಟೇಲ್ ಎರಡೂ ಬೇಡ, ಆಮೇಲೆ ಬೇಕಾದರೆ ಮಾತಾಡೋಣ ಅಂದರು. ಎಣಿಕೆಗೆ ಇಂಜೆಕ್ಷನ್ ಮುಂದಿನ ಸಲ ಕಿಮೋ ಆದ ಮರುದಿನದಿಂದ ಕೊಡುತ್ತಾರಂತೆ. ಮೈ ಕೈ ನೋವು ಬರಬಹುದು ಅಂತಲೂ ಹೇಳಿದರು. ಅಮ್ಮನಿಗೆ ಬೈಗುಳ ಬೀಳಲಿಲ್ಲ, ಅದೇ ಅವರಿಗೆ ದೊಡ್ಡ ಸಮಾಧಾನ.

ಬೆಟಾಡಿನ್ ಪರೀಕ್ಷೆಯನ್ನೂ ಮಾಡಿದೆ. ಕಪ್ಪಾಯಿತು. ಫೋಟೋ ಅತ್ತಿಗೆಗೆ ಕಳಿಸಿದ್ದೇನೆ. ಡಬ್ಬಿ ವಾಪಸ್ ತಗೊಳ್ತಾರಾ ನೋಡಬೇಕು.

ಚಿಪ್ಪಣಬೆ ತಾಜಾ ಎಲ್ಲಿ ಸಿಗುತ್ತದೆ? ಇಲ್ಲಿನ ಮಾರುಕಟ್ಟೆಯಲ್ಲಿ ಬಟನ್ ಅಣಬೆಯೇ ಜಾಸ್ತಿ.

ತುಮಕೂರಿನ ಬೆಳೆಗಾರರು:

ಮನೆಯಲ್ಲೇ ಬೆಳೆಯಬಹುದು ಅಕ್ಕ. ಆದರೆ ಅಮ್ಮನ ಕಿಮೋ ಮುಗಿಯುವವರೆಗೆ ಮನೆಯೊಳಗೆ ಬೇಡ, ಅದರ ಬೀಜಕಣದ ಧೂಳು ಗಾಳಿಯಲ್ಲಿ ತುಂಬಾ ಹರಡುತ್ತದೆ, ಶ್ವಾಸಕ್ಕೆ ಒಳ್ಳೆಯದಲ್ಲ. ಅಲ್ಲಿಯವರೆಗೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ, ಬೆಳೆಗಾರರ ಸುಳಿವು ಸಿಗಬಹುದು. ಮುಂದೆ ಬೆಳೆಯುವ ಮನಸ್ಸಿದ್ದರೆ ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ ಅಣಬೆ ಬೀಜ ಕೊಡುತ್ತಾರೆ, ತರಬೇತಿಯೂ ಇರುತ್ತದೆ. ಭತ್ತದ ಹುಲ್ಲು ನಿಮ್ಮ ಕಡೆ ಬೇಕಾದಷ್ಟಿದೆ. ಕೊಳ್ಳುವಾಗ ಅಂಚು ಹಳದಿಯಾಗಿದ್ದರೆ, ಲೋಳೆ ಇದ್ದರೆ ಬಿಡಿ. ಫ್ರಿಜ್ಜಿನಲ್ಲಿ ಪ್ಲಾಸ್ಟಿಕ್ ಬದಲು ಕಾಗದದ ಚೀಲದಲ್ಲಿಟ್ಟು ಎರಡು ದಿನದೊಳಗೆ ಬೇಯಿಸಿಬಿಡಿ.